ಕಾರ್ಡ್ ಸಾಲಕ್ಕೆ ಸರ್ಕಾರದಲ್ಲಿ ಏನು ಸಿಗುತ್ತದೆ? ಮಂಡ್ಯದಲ್ಲಿ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಕ್ರೆಡಿಟ್ ಕಾರ್ಡ್ ಸಾಲ ಮನ್ನಾ ಮಾಡುವ ಯೋಜನೆ ಕೇಂದ್ರದಲ್ಲೂ ಇಲ್ಲ, ರಾಜ್ಯದಲ್ಲೂ ಇಲ್ಲ. ಇದೆ ಅಂತ ಯಾರಾದರೂ ಹೇಳಿದರೆ, ಸ್ವಲ್ಪ ಹೊತ್ತಿಗೆ ಅವರೇ ಫೀಸು ಎಷ್ಟು ಅಂತಾನೂ ಹೇಳುತ್ತಾರೆ. ಹಾಗಂತ ಸರ್ಕಾರದಿಂದ ಏನೂ ಪ್ರಯೋಜನವಿಲ್ಲ ಅನ್ನುವುದೂ ಸುಳ್ಳು. ನನ್ನ ಎರಡು ಕಾರ್ಡುಗಳಲ್ಲಿ ಒಂದು ತೀರಿದ್ದು ಮನೆಯವಳ ಒಡವೆಯಿಂದ. ಇನ್ನೊಂದು ತೀರಿದ್ದು ರಿಸರ್ವ್ ಬ್ಯಾಂಕಿನ (ಆರ್‌ಬಿಐ) ನಿಯಮ ಮತ್ತು ಕೋರ್ಟ್ ಆವರಣದ ಒಂದು ಕಚೇರಿಯಿಂದ.

ಮಂಡ್ಯದಲ್ಲಿ ನನ್ನದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ತಿಥಿ ಕಾರ್ಡು ಮಾಡಿಕೊಡುತ್ತೇನೆ. ಪೇಪರ್, ಟೋನರ್ ಎಲ್ಲ ಕಾರ್ಡಿನಲ್ಲೇ ತರುತ್ತಿದ್ದೆ. ತಿಂಗಳ ಕೊನೆಗೆ ಕಟ್ಟುತ್ತಿದ್ದೆ. ಒಬ್ಬ ದೊಡ್ಡ ಗಿರಾಕಿ ಬಾಕಿ ಕೊಡದೆ ಕೂತರು, ಅದೇ ಹೊತ್ತಿಗೆ ಅಪ್ಪನಿಗೆ ಆಪರೇಷನ್ ಆಯ್ತು. ಅಲ್ಲಿಂದ 'ಮಿನಿಮಮ್ ಡ್ಯೂ', ಅಂದರೆ ಬ್ಯಾಂಕ್ ಕೇಳುವ ಕನಿಷ್ಠ ಮೊತ್ತ ಮಾತ್ರ ಕಟ್ಟುವ ಕಾಲ ಶುರುವಾಯಿತು.

ಈ ಮಿನಿಮಮ್ ಡ್ಯೂ ಏನು ಮಾಡುತ್ತದೆ ಅಂತ ಒಂದು ಸಲ ಕಾಗದದ ಮೇಲೆ ಬರೆದು ನೋಡಬೇಕು. ಮೊದಲ ಕಾರ್ಡಿನಲ್ಲಿ ಬಾಕಿ 86,000 ರೂಪಾಯಿ. ತಿಂಗಳಿಗೆ ಶೇ 3.5ರ ಬಡ್ಡಿ ಅಂದರೆ 3,010. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 542 ರೂಪಾಯಿ. ಒಟ್ಟು 3,552. ಬ್ಯಾಂಕ್ ಕೇಳಿದ ಮಿನಿಮಮ್ ಶೇ 5, ಅಂದರೆ 4,300. ಕಷ್ಟಪಟ್ಟು ಅದನ್ನು ಕಟ್ಟಿದರೆ ಅಸಲಿಗೆ ಹೋಗುವುದು ಬರೀ 748. ಸ್ಟೇಟ್‌ಮೆಂಟಿನಲ್ಲೇ ಒಂದು ಸಾಲು ಇರುತ್ತದೆ, ಮಿನಿಮಮ್ ಮಾತ್ರ ಕಟ್ಟಿದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಅಂತ. ಆರ್‌ಬಿಐ ಹೇಳಿ ಹಾಕಿಸಿರುವ ಸಾಲು ಅದು. ಯಾರು ಓದುತ್ತಾರೆ?

ಸಾಲದ ವಿಷಯ ಬಾಯಿಬಿಟ್ಟ ಮೇಲೆ ಬಿಟ್ಟಿ ಸಲಹೆಗೆ ಬರವಿರಲಿಲ್ಲ. ದೊಡ್ಡಪ್ಪ ಹೇಳಿದ್ದು, "ಕುಮಾರಣ್ಣ ಇದ್ದಾಗ ನಂದು ಸೊಸೈಟಿ ಸಾಲ ಮನ್ನಾ ಆಗ್ಲಿಲ್ವಾ? ಕಾಯಿ, ನಿಂದೂ ಆಯ್ತದೆ." ಅದು 2018ರ ಬೆಳೆಸಾಲ ಮನ್ನಾ, ರೈತರಿಗೆ ಮಾತ್ರ. ಕಾರ್ಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಪಕ್ಕದ ಅಂಗಡಿಯ ಹುಡುಗ ಇನ್ನೂ ಜೋರು: "ಅಣ್ಣ, ಸುಗ್ರೀವಾಜ್ಞೆ ಬಂದದೆ. ಕಟ್ಟಬ್ಯಾಡ ಬುಡು, ಮನೆ ಹತ್ರ ಬಂದ್ರೆ ಒಳಗ್ ಹಾಕ್ತಾರೆ." ಅವನು ಹೇಳಿದ್ದು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ತಂದ ಮೈಕ್ರೊಫೈನಾನ್ಸ್ ಸುಗ್ರೀವಾಜ್ಞೆ. ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಅದರಲ್ಲಿ ಇರುವುದು ನಿಜ. ನಮ್ಮ ಸುತ್ತಮುತ್ತಲ ಜಿಲ್ಲೆಗಳಲ್ಲಿ ಸಾಲದ ಕಾಟಕ್ಕೆ ಜನ ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟಿದ್ದರು, ಹಾಗಾಗಿ ಬಂದ ಕಾನೂನು. ಆದರೆ ಆರ್‌ಬಿಐನಲ್ಲಿ ನೋಂದಣಿ ಆಗಿರುವ ಬ್ಯಾಂಕುಗಳು ಅದರ ಹೊರಗೆ. ಲೈಸೆನ್ಸ್ ಇಲ್ಲದೆ ಸಾಲ ಕೊಡುವವರಿಗೆ ಅದು ಬಿಸಿ ಮುಟ್ಟಿಸುತ್ತದೆ, ಕಾರ್ಡ್ ಕೊಟ್ಟ ಬ್ಯಾಂಕಿಗೆ ಅಲ್ಲ.

ಬಾಮೈದ ಯೂಟ್ಯೂಬಿನಲ್ಲಿ ಒಂದು ವಿಡಿಯೊ ತೋರಿಸಿದ. ದಿವಾಳಿ ಅರ್ಜಿ ಹಾಕಿದರೆ ಕಾರ್ಡ್ ಸಾಲ ಪೂರ್ತಿ ಹೋಗುತ್ತದಂತೆ. ಹೌದು, ಅಮೆರಿಕದಲ್ಲಿ! ನಮ್ಮಲ್ಲೂ 2016ರ ದಿವಾಳಿ ಸಂಹಿತೆಯಲ್ಲಿ ಬಡವರಿಗಾಗಿ ಒಂದು ಅವಕಾಶ ಬರೆದಿದ್ದಾರೆ. ವರ್ಷದ ಆದಾಯ 60,000 ದಾಟದವರಿಗೆ, 35,000 ರೂಪಾಯಿವರೆಗಿನ ಸಾಲಕ್ಕೆ. ಬರೆದದ್ದು ಪುಸ್ತಕದಲ್ಲೇ ಇದೆ, ನಮ್ಮಂಥ ಸಾಮಾನ್ಯರ ಭಾಗ ಜಾರಿಗೇ ಬಂದಿಲ್ಲ.

ಇನ್ನೊಂದು ಕಥೆ, ಶೇ 30ಕ್ಕಿಂತ ಜಾಸ್ತಿ ಬಡ್ಡಿ ಹಾಕುವ ಹಾಗೇ ಇಲ್ಲ ಅನ್ನುವುದು. ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ಹಾಗೆ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಈಗ ವರ್ಷಕ್ಕೆ ಶೇ 42 ಹಾಕಿದರೂ ಕೇಳುವವರಿಲ್ಲ.

ಮುದ್ರಾ ಸಾಲ ಸಿಗಬಹುದು ಅಂದುಕೊಂಡು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಒಳ್ಳೆಯವರು, ಕೂರಿಸಿ ಮಾತಾಡಿದರು. "ಮುದ್ರಾ ಅಂಗಡಿಗೆ ಕೊಡೋದು, ಕಾರ್ಡ್ ತೀರಿಸೋಕಲ್ಲ. ಅದೂ ನಿಮ್ಮ ಸಿಬಿಲ್‌ನಲ್ಲಿ ಬಾಕಿ ಕಾಣ್ತಿದೆ. ಅದು ಮುಗಿಸಿಕೊಂಡು ಬನ್ನಿ." ಸಿಬಿಲ್ ಅಂದರೆ ಯಾರು ಸಾಲ ಹೇಗೆ ಕಟ್ಟಿದ್ದಾರೆ ಅನ್ನುವ ದಾಖಲೆ. ಆದರೆ ಅವರೇ ಲೀಡ್ ಬ್ಯಾಂಕಿನ (ಜಿಲ್ಲೆಯ ಬ್ಯಾಂಕುಗಳಿಗೆಲ್ಲ ಮುಂದಾಳು ಬ್ಯಾಂಕ್) ಆರ್ಥಿಕ ಸಾಕ್ಷರತಾ ಕೇಂದ್ರಕ್ಕೆ ಹೋಗಿ ಅಂದರು. ಇಂಥದ್ದೊಂದು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಲ್ಲಿದ್ದವರು ಬ್ಯಾಂಕಿನಿಂದ ರಿಟೈರ್ ಆದ ಸಮಾಲೋಚಕರು. ದುಡ್ಡು ಕೊಡುವುದಿಲ್ಲ, ದುಡ್ಡು ಕೇಳುವುದೂ ಇಲ್ಲ. ಎರಡೂ ಸ್ಟೇಟ್‌ಮೆಂಟ್ ಹರಡಿಕೊಂಡು ಕೇಳಿದ ಮೊದಲ ಪ್ರಶ್ನೆ, "ಮನೇಲಿ ಒಡವೆ ಎಷ್ಟಿದೆ?"

ಲೆಕ್ಕ ಅವರೇ ಹಾಕಿ ತೋರಿಸಿದರು. ಅದೇ 86,000ಕ್ಕೆ ಸರ್ಕಾರಿ ಬ್ಯಾಂಕಿನಲ್ಲಿ ಒಡವೆ ಇಟ್ಟರೆ, ವರ್ಷಕ್ಕೆ ಶೇ 9 ಅಂತ ಹಿಡಿದರೂ ತಿಂಗಳ ಬಡ್ಡಿ 645. ಕಾರ್ಡಿಗೆ ಹೋಗುತ್ತಿದ್ದದ್ದು 3,552. ಮನೆಗೆ ಬಂದು ಹೇಳಿದೆ. ಮನೆಯವಳು ಸರ ಬಿಚ್ಚಿ ಕೊಡುತ್ತಾ ಹೇಳಿದ್ದು ಒಂದೇ ಮಾತು, "ಆ ಕಾರ್ಡ್ ಮೊದ್ಲು ಕತ್ತರಿಸಿ ಹಾಕಿ, ಆಮೇಲೆ ತಗೊಂಡ್ ಹೋಗಿ."

ಕತ್ತರಿಸಿದರೆ ಕಾರ್ಡ್ ಮುಚ್ಚಿದ ಹಾಗಲ್ಲ, ಅದು ಗೊತ್ತಿರಲಿ. ಪೂರ್ತಿ ಕಟ್ಟಿ, ಕ್ಲೋಸ್ ಮಾಡಿ ಅಂತ ಇಮೇಲ್ ಕಳಿಸಬೇಕು. ಬಾಕಿ ಇಲ್ಲದ ಕಾರ್ಡನ್ನು 7 ಕೆಲಸದ ದಿನದೊಳಗೆ ಮುಚ್ಚದಿದ್ದರೆ, ತಡವಾದ ಪ್ರತಿ ದಿನಕ್ಕೆ 500 ರೂಪಾಯಿ ಬ್ಯಾಂಕೇ ನಮಗೆ ಕೊಡಬೇಕು. ಇದು 2022ರ ಆರ್‌ಬಿಐ ನಿರ್ದೇಶನ. ಕಸ್ಟಮರ್ ಕೇರ್ ಹುಡುಗಿ ಹೊಸ ಆಫರ್ ಇದೆ, ವಾರ್ಷಿಕ ಶುಲ್ಕ ಬಿಡುತ್ತೇವೆ ಅಂತ ಎಳೆದಾಡುತ್ತಿದ್ದಳು. 500 ರೂಪಾಯಿ ನಿಯಮ ಎತ್ತಿದ ಕೂಡಲೇ ಕಾರ್ಡ್ ಮುಚ್ಚಿತು.

ಒಡವೆ ಸಾಲದ ಬಡ್ಡಿ ಕಟ್ಟಿದ್ದು ಎಲ್ಲಿಂದ ಗೊತ್ತಾ? ಅವಳ ಖಾತೆಗೆ ಬರುವ ಗೃಹಲಕ್ಷ್ಮಿಯ 2,000ದಿಂದ. ಈ ಗ್ಯಾರಂಟಿಗಳು ಕಾರ್ಡ್ ಸಾಲಕ್ಕೆ ಅಂತ ಬಂದವಲ್ಲ. ಆದರೂ ಗೃಹಜ್ಯೋತಿಯಲ್ಲಿ ಮನೆ ಕರೆಂಟ್ ಬಿಲ್ ಉಳಿಯಿತು, ಶಕ್ತಿ ಯೋಜನೆಯಲ್ಲಿ ಅವಳ ಬಸ್ ಚಾರ್ಜ್ ಉಳಿಯಿತು. ಉಳಿದದ್ದು ಬಡ್ಡಿಗೆ ಹೋಯಿತು. ಗೃಹಲಕ್ಷ್ಮಿ ಆಗಾಗ ತಡವಾಗುತ್ತದೆ, ಅದನ್ನೇ ನಂಬಿಕೊಂಡು ಕಂತಿನ ತಾರೀಕು ಇಟ್ಟುಕೊಳ್ಳಬೇಡಿ.

ಎರಡನೇ ಕಾರ್ಡಿನದು ದೊಡ್ಡ ರಾಮಾಯಣ. ಇಡಲು ಇನ್ನು ಒಡವೆ ಇರಲಿಲ್ಲ. ಕಟ್ಟುವುದು ನಿಂತಿತು, ವಸೂಲಿಯವರ ಫೋನ್ ಶುರುವಾಯಿತು. ಬೆಳಿಗ್ಗೆ ಹಾಲು ತರುವ ಹೊತ್ತಿಗೇ ಫೋನ್. ಸಾಲದೆಂಬಂತೆ ಬಾಮೈದನಿಗೂ ಫೋನ್ ಮಾಡಿ, "ನಿಮ್ಮ ಭಾವನ ಮೇಲೆ ಅರೆಸ್ಟ್ ವಾರಂಟ್ ಇದೆ" ಅಂದಿದ್ದಾರೆ. ಕಾರ್ಡ್ ಬಾಕಿ ಸಿವಿಲ್ ವಿಷಯ. ಕಟ್ಟಲಾಗಲಿಲ್ಲ ಅನ್ನುವುದಕ್ಕೇ ಯಾರೂ ಅರೆಸ್ಟ್ ಮಾಡುವುದಿಲ್ಲ. ಚೆಕ್ ಕೊಟ್ಟು ಅದು ಬೌನ್ಸ್ ಆದರೆ ಮಾತ್ರ ಬೇರೆ ಮಾತು, ಅದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರ ಕ್ರಿಮಿನಲ್ ಕೇಸು. ಹಾಗಾಗಿ ವಸೂಲಿಯವರು ಎಷ್ಟು ಕೇಳಿದರೂ ಚೆಕ್ ಬರೆದು ಕೊಡಲಿಲ್ಲ.

2022ರ ಆಗಸ್ಟ್‌ನಲ್ಲಿ ಆರ್‌ಬಿಐ ಹೊರಡಿಸಿದ ಸುತ್ತೋಲೆ ಪ್ರಕಾರ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವ ಹಾಗಿಲ್ಲ. ಬೆದರಿಸುವ ಹಾಗಿಲ್ಲ. ನೆಂಟರು, ಸ್ನೇಹಿತರ ಮುಂದೆ ಮಾನ ಕಳೆಯುವ ಹಾಗಿಲ್ಲ. ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್, ಬಾಮೈದನಿಗೆ ಬಂದ ಮೆಸೇಜ್ ಎಲ್ಲ ಸೇರಿಸಿ ಬ್ಯಾಂಕಿಗೆ ದೂರು ಬರೆದೆ. "ಪರಿಶೀಲಿಸುತ್ತೇವೆ" ಅಂತ ಎರಡು ಸಾಲು ಬಂತು, ಅಷ್ಟೇ. ಬ್ಯಾಂಕ್ 30 ದಿನದಲ್ಲಿ ಸರಿಯಾದ ಉತ್ತರ ಕೊಡದಿದ್ದರೆ, ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು. ಆರ್‌ಬಿಐನ ದೂರಿನ ವೆಬ್‌ಸೈಟ್ ಸಿಎಂಎಸ್ ಪೋರ್ಟಲ್‌ನಲ್ಲಿ ಅರ್ಜಿ, ಶುಲ್ಕವಿಲ್ಲ. ಏನಾದರೂ ಕೇಳಬೇಕಿದ್ದರೆ 14448ಕ್ಕೆ ಫೋನ್ ಮಾಡಬಹುದು. ದೂರು ಹಾಕಿದ ಮೇಲೆ ಫೋನ್‌ಗಳು ನಿಂತವು. ಸಾಲ ಒಂದು ರೂಪಾಯಿಯೂ ಕಮ್ಮಿ ಆಗಲಿಲ್ಲ. ಅದು ಓಂಬುಡ್ಸ್‌ಮನ್ ಕೆಲಸವಲ್ಲ, ಬ್ಯಾಂಕಿನ ನಡವಳಿಕೆ, ಸೇವೆಯ ಲೋಪ ನೋಡುವುದು ಅವರ ಕೆಲಸ. ಆದರೆ ರಾತ್ರಿ ನಿದ್ದೆ ಬಂತು, ಅದೇನು ಸಣ್ಣ ವಿಷಯವೇ?

ಇದರ ಮಧ್ಯೆ ವಾಟ್ಸಾಪ್‌ನಲ್ಲಿ ಒಂದು 'ಲೋಕ ಅದಾಲತ್ ನೋಟಿಸ್' ಬಂತು. ಮೇಲೆ ಅಶೋಕ ಸ್ತಂಭ, ಕೆಳಗೆ ಕೆಂಪು ಅಕ್ಷರದಲ್ಲಿ 'ಅಂತಿಮ ಅವಕಾಶ', ಪಕ್ಕದಲ್ಲಿ ಒಂದು ಮೊಬೈಲ್ ನಂಬರ್. ಮುದ್ರಣದ ಕೆಲಸ ಮಾಡುವವನಿಗೆ ನೋಡಿದ ಕೂಡಲೇ ಅನುಮಾನ. ಸೀಲು ಬೇರೆ ಕಡೆಯಿಂದ ಕತ್ತರಿಸಿ ಅಂಟಿಸಿದ್ದು, ಅಂಚು ಹರಿದ ಹಾಗೆ ಕಾಣುತ್ತಿತ್ತು. ಒಂದೇ ಪುಟದಲ್ಲಿ ಮೂರು ಥರದ ಅಕ್ಷರ, ಕೇಸ್ ನಂಬರ್ ಇರುವ ಜಾಗ ಖಾಲಿ. ಪ್ರಿಂಟ್ ತೆಗೆದುಕೊಂಡು ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಕನ್ನಡಕ ಮೇಲೆತ್ತಿ ನೋಡಿ, "ಇದು ನಮ್ದಲ್ಲ ಕಣ್ರೀ. ವಸೂಲಿಯೋರೇ ಮಾಡಿರೋದು" ಅಂದರು. ಆಮೇಲೆ ನಾನು ಕೇಳದೆಯೇ ಅವರು ಹೇಳಿದ ಮಾತೇ ನನಗೆ ದಾರಿ ತೋರಿಸಿತು. ನೀವೇ ಒಂದು ಅರ್ಜಿ ಕೊಡಿ, ಬ್ಯಾಂಕಿನವರನ್ನು ನಾವು ಕರೆಸುತ್ತೇವೆ ಅಂದರು.

ಕೇಸು ದಾಖಲಾಗುವ ಮೊದಲೇ ರಾಜಿಗೆ ಕೂರುವುದಕ್ಕೆ ವ್ಯಾಜ್ಯಪೂರ್ವ ಪ್ರಕರಣ ಅಂತಾರೆ. ಕೋರ್ಟ್ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಬೇಕು ಅನ್ನುವವರಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಪ್ರಾಧಿಕಾರವೇ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.

ಹೋಗುವ ಮೊದಲು ಒಂದು ತಯಾರಿ ಮಾಡಿಕೊಂಡೆ. ಹಳೆಯ ಸ್ಟೇಟ್‌ಮೆಂಟುಗಳನ್ನೆಲ್ಲ ಪ್ರಿಂಟ್ ಹಾಕಿದೆ. ಬ್ಯಾಂಕ್ ಹೇಳುತ್ತಿದ್ದ ಬಾಕಿ 1,12,000. ಅದರಲ್ಲಿ ನಾನು ನಿಜವಾಗಿ ಖರ್ಚು ಮಾಡಿದ್ದು 74,000. ಮಿಕ್ಕಿದ್ದು ಬಡ್ಡಿ, ಲೇಟ್ ಫೀ, ತೆರಿಗೆ. ಕಟ್ಟದ ಶುಲ್ಕ ಮತ್ತು ತೆರಿಗೆಯನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕಬಾರದು ಅಂತ ಅದೇ 2022ರ ನಿರ್ದೇಶನದಲ್ಲಿದೆ. ಲೇಟ್ ಫೀ ಬಿದ್ದ ಸಾಲುಗಳಿಗೆಲ್ಲ ಹಳದಿ ಬಣ್ಣ ಬಳಿದುಕೊಂಡು ಹೋದೆ.

ಲೋಕ ಅದಾಲತ್‌ನಲ್ಲಿ ಕಟಕಟೆ ಗಿಟಕಟೆ ಏನಿಲ್ಲ. ಒಂದು ಮೇಜು, ಒಬ್ಬರು ನ್ಯಾಯಾಧೀಶರು, ಜೊತೆಗೊಬ್ಬರು ಸಂಧಾನಕಾರ ವಕೀಲರು. ಬ್ಯಾಂಕಿನ ಪ್ರತಿನಿಧಿ ಲ್ಯಾಪ್‌ಟಾಪ್ ತೆರೆದು 95,000ದಿಂದ ಶುರು ಮಾಡಿದರು. ನಾನು ಹಳದಿ ಸಾಲುಗಳನ್ನು ಮುಂದಿಟ್ಟೆ. ನ್ಯಾಯಾಧೀಶರು ಕಾಗದ ಅವರ ಕಡೆ ತಳ್ಳಿ, "ಇದಕ್ಕೇನ್ ಹೇಳ್ತೀರಿ?" ಅಂದರು. ಆ ಪ್ರತಿನಿಧಿ ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದರು. ಕೊನೆಗೆ 70,000ಕ್ಕೆ ನಿಂತಿತು, ಮೂರು ಕಂತಿನಲ್ಲಿ.

ಇಲ್ಲಿ ಒಂದು ಎಚ್ಚರ. ಲೋಕ ಅದಾಲತ್‌ನ ತೀರ್ಪು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಒಪ್ಪಲೇಬೇಕು ಅಂತ ಯಾರೂ ಬಲವಂತ ಮಾಡುವ ಹಾಗಿಲ್ಲ. ಆದರೆ ಒಪ್ಪಿ ಸಹಿ ಹಾಕಿದ ಮೇಲೆ ಕಟ್ಟದಿದ್ದರೆ ಮೊದಲಿಗಿಂತ ಕಷ್ಟ. ಪ್ರತಿನಿಧಿ ಒಂದೇ ಕಂತಾದರೆ 62,000ಕ್ಕೆ ಬಿಡುತ್ತೇವೆ ಅಂದರು. ಆಸೆ ಆಯಿತು. ಕೈಯಲ್ಲಿ ದುಡ್ಡಿರಲಿಲ್ಲ, ಮತ್ತೆ ಕೈಸಾಲ ಮಾಡಬೇಕಿತ್ತು, ಅದಕ್ಕೆ ಬೇಡ ಅಂದೆ.

ಮನ್ನಾ ಮಾಡಿಸಿಕೊಡುತ್ತೇವೆ ಅನ್ನುವ ಕಂಪನಿಗಳಿಂದಲೂ ಆ ದಿನಗಳಲ್ಲಿ ಫೋನ್ ಬರುತ್ತಿತ್ತು. ಸರ್ಕಾರದ ಯೋಜನೆ, ನೋಂದಣಿಗೆ ಇಷ್ಟು ಕಟ್ಟಿ, ಸಾಲಮುಕ್ತಿ ಸರ್ಟಿಫಿಕೇಟ್ ಬರುತ್ತದೆ ಅಂತ. ಇಂಥವರನ್ನು ನಂಬಬೇಡಿ ಅಂತ ಆರ್‌ಬಿಐ 2023ರ ಡಿಸೆಂಬರ್‌ನಲ್ಲೇ ಪ್ರಕಟಣೆ ಕೊಟ್ಟಿದೆ. ಬ್ಯಾಂಕ್ ಕಡೆಯಿಂದ ಬರದ ಯಾವ ಸರ್ಟಿಫಿಕೇಟಿಗೂ ಕವಡೆ ಕಿಮ್ಮತ್ತಿಲ್ಲ.

ಕೊನೆ ಕಂತು ಕಟ್ಟಿದ ಮೇಲೆ 'ನೋ ಡ್ಯೂಸ್' ಪತ್ರವನ್ನು ಬೆನ್ನುಬಿದ್ದು ತರಿಸಿಕೊಂಡೆ. ಸಿಬಿಲ್ ವರದಿ ವರ್ಷಕ್ಕೊಮ್ಮೆ ಉಚಿತ, ತೆಗೆದು ನೋಡಿದೆ. ಮೊದಲ ಕಾರ್ಡ್ 'ಕ್ಲೋಸ್ಡ್' ಅಂತ ಇದೆ. ಎರಡನೆಯದು 'ಸೆಟಲ್ಡ್' ಅಂತ ಇದೆ, ಪೂರ್ತಿ ಕಟ್ಟಿಲ್ಲ ಅಂತ ಅದರ ಅರ್ಥ. ಆ ಗುರುತು 7 ವರ್ಷದವರೆಗೆ ಉಳಿಯಬಹುದು. ಮುದ್ರಾ ಮ್ಯಾನೇಜರ್ ಅದನ್ನು ನೋಡಿ, "ಒಡವೆ ಸಾಲ ಸರಿಯಾಗಿ ಕಟ್ಕೊಂಡು ಬನ್ನಿ, ಮುಂದಿನ ವರ್ಷ ನೋಡೋಣ" ಅಂದಿದ್ದಾರೆ. ಅಲ್ಲಿಯವರೆಗೆ ಪೇಪರ್ ತರುವುದು ನಗದಿಗೆ. ಮೈಸೂರಿನ ಹೋಲ್‌ಸೇಲ್ ಅಂಗಡಿಯವರು ಹದಿನೈದು ದಿನದ ಉದ್ರಿ ಕೊಡುತ್ತಾರೆ, ಬಡ್ಡಿ ಇಲ್ಲ. ಲಗ್ನಪತ್ರಿಕೆಗೆ ಈಗ ಅರ್ಧ ದುಡ್ಡು ಮುಂಗಡ ಕೊಟ್ಟರೆ ಮಾತ್ರ ಪ್ರೂಫ್ ತೆಗೆಯುತ್ತೇನೆ, ನೆಂಟರಾದರೂ ಸರಿ.