ಎಸ್ಟೋನಿಯನ್ ಬೀದಿಮಾತಿಗೆ ಇಂಗ್ಲಿಷ್ ಅನುವಾದಕರನ್ನು ಹುಡುಕುವುದು ಹೇಗೆ?

ಎಸ್ಟೋನಿಯನ್ನರು ‘ತಾ ಒನ್ ತ್ಯಾಯ್ಸ್’ ಎನ್ನುತ್ತಾರೆ. ಪದಕ್ಕೆ ಪದ ಇಟ್ಟರೆ ‘ತುಂಬಿದ್ದಾನೆ’ ಎಂದಾಗುವ ಈ ಮಾತು, ನಮ್ಮಲ್ಲಿ ‘ಟೈಟ್ ಆಗಿದ್ದಾನೆ’ ಎನ್ನುವಂತೆ, ಕುಡಿದು ಅಮಲೇರಿದವರನ್ನು ಕುರಿತದ್ದು. ಆ ಭಾಷೆಯಲ್ಲಿ ‘ತಾ’ ಎಂಬ ಒಂದೇ ಸರ್ವನಾಮ ಅವನಿಗೂ ಅವಳಿಗೂ ಸಲ್ಲುವುದರಿಂದ, ಕುಡಿದವರು ಗಂಡೋ ಹೆಣ್ಣೋ ಎಂಬುದನ್ನು ಅನುವಾದ ಯಂತ್ರ ಬರೀ ಊಹಿಸಬೇಕಾಗುತ್ತದೆ.

ಆದ್ದರಿಂದ ಮೊದಲು ನಿಮ್ಮ ಪಠ್ಯದ ಹಿನ್ನೆಲೆಯನ್ನು ಬರೆದಿಟ್ಟುಕೊಳ್ಳಿ: ಯಾರು, ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಊರಿನಲ್ಲಿ ಹೇಳಿದ್ದು. ಪಠ್ಯವು ನ್ಯಾಯಾಲಯಕ್ಕೋ ಸರ್ಕಾರಿ ಕಚೇರಿಗೋ ಸಲ್ಲುವಂಥದ್ದಾದರೆ, ಎಸ್ಟೋನಿಯದಲ್ಲಿ ‘ವಂದೆತೊಲ್ಕ್’ ಎನ್ನಲಾಗುವ, ಪ್ರಮಾಣವಚನ ಸ್ವೀಕರಿಸಿದ ಅನುವಾದಕರನ್ನೇ ಹುಡುಕಬೇಕು. ಉಳಿದ ಕೆಲಸಗಳಿಗೆ ಆ ಮುದ್ರೆ ಬೇಕಿಲ್ಲ.

ಬಿಡಿ ಪದಗಳನ್ನು ಎಸ್ಟೋನಿಯನ್ ಭಾಷಾ ಸಂಸ್ಥೆಯ ‘ಸೊನವೇಬ್’ ಎಂಬ ಉಚಿತ ಜಾಲಕೋಶದಲ್ಲಿ ನೀವೇ ನೋಡಿಕೊಳ್ಳಬಹುದು. ಅಲ್ಲಿ ಬಗೆಹರಿಯದೆ ಉಳಿದವುಗಳಿಗಾಗಿ ಎಸ್ಟೋನಿಯದ ಅನುವಾದಕರ ಸಂಘದ ಸದಸ್ಯರನ್ನು, ತಾರ್ತು ಮತ್ತು ತಾಲಿನ್ ವಿಶ್ವವಿದ್ಯಾಲಯಗಳ ಅನುವಾದ ವಿದ್ಯಾರ್ಥಿಗಳನ್ನು, ಇಲ್ಲವೇ ಭಾಷಾಜೋಡಿಯ ಪ್ರಕಾರ ಹೆಸರು ತೋರಿಸುವ ‘ಪ್ರೋಜ಼್’ ತಾಣವನ್ನು ವಿಚಾರಿಸಿ. ಬೀದಿಮಾತಿನ ಮಟ್ಟಿಗೆ, ಮೂವತ್ತು ವರ್ಷ ಒಪ್ಪಂದಪತ್ರಗಳನ್ನು ಅನುವಾದಿಸಿದ ಹಿರಿಯರಿಗಿಂತ ತಾರ್ತುವಿನ ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಕೆಲಸ ಒಪ್ಪಿಸುವ ಮುನ್ನ ಹತ್ತು ಸಾಲುಗಳ ಪರೀಕ್ಷೆಯನ್ನು, ಅದಕ್ಕೂ ಹಣ ಕೊಟ್ಟು, ಮಾಡಿಸಿ. ಅದರಲ್ಲಿ ‘ರುಲ್‌ನೊಕ್’ ಎಂಬ ಪದವಿರಲಿ. ಬಿಡಿಸಿದರೆ ‘ಸುರುಳಿಕೊಕ್ಕು’; ಆದರೆ ಇಲ್ಲಿ ಕೊಕ್ಕು ಎಂದರೆ ಟೋಪಿಯ ಮುಂಚಾಚು, ಅದನ್ನು ಬಾಗಿಸಿ ತೊಟ್ಟು ಹಳೆಯ ಬಿಎಂಡಬ್ಲ್ಯು ಕಾರನ್ನು ಅಬ್ಬರದಿಂದ ಓಡಿಸುವ ಪಡ್ಡೆ ಹುಡುಗನಿಗೆ ಇಟ್ಟ ಹೆಸರು. ಇಂಗ್ಲೆಂಡಿನ ಓದುಗರಿಗೆ ‘ಚಾವ್’ ಎಂದರೆ ಹತ್ತಿರ ಬರುತ್ತದೆ, ಅಮೆರಿಕದವರಿಗೆ ಅದು ತಲುಪುವುದಿಲ್ಲ. ಹಾಗಾಗಿ ‘ಓದುಗರು ಯಾರು?’ ಎಂದು ತಿರುಗಿ ಕೇಳಿದ ಅನುವಾದಕರು ಅರ್ಧ ಪಾಸಾದಂತೆ. ‘ಪೊದರ್’ ಎಂಬುದನ್ನೂ ಸೇರಿಸಿ: ನಿಘಂಟಿನಲ್ಲಿ ಅದು ಎಲ್ಕ್ ಎಂಬ ಕಾಡಿನ ದೊಡ್ಡ ಜಿಂಕೆ, ತಾಲಿನ್ನಿನ ಬೀದಿಯಲ್ಲಿ ಫಿನ್ಲೆಂಡಿನ ಪ್ರವಾಸಿ. ರಷ್ಯನ್ ಮೂಲದ ‘ದವಾಯ್’ ಎಸ್ಟೋನಿಯನ್ನರ ಬಾಯಲ್ಲಿ ‘ಸರಿ, ಬರ್ತೀನಿ’ ಎಂಬ ಬೀಳ್ಕೊಡುಗೆಯ ಮಾತೂ ಆಗಿರುವುದರಿಂದ, ಅನುವಾದಕರಿಗೆ ರಷ್ಯನ್ ಗಂಧವಿರುವುದು ಒಳ್ಳೆಯದು.

ಸಂಭಾವನೆಯನ್ನು ಪದಲೆಕ್ಕದ ಬದಲು ಗಂಟೆಲೆಕ್ಕದಲ್ಲಿ ಮಾತಾಡಿಕೊಳ್ಳಿ, ಏಕೆಂದರೆ ಒಂದೊಂದು ಪದ ಅರ್ಧ ತಾಸು ತಿನ್ನುತ್ತದೆ. ಬೈಗುಳಗಳ ಖಾರವನ್ನೂ ಮೊದಲೇ ಗೊತ್ತುಮಾಡಿ. ಪಿಶಾಚಿ ಎಂಬ ಅರ್ಥದ ‘ಕುರತ್’ ಅಲ್ಲಿ ದಿನಬಳಕೆಯ ಬೈಗುಳ. ಅದನ್ನು ‘ಡೆವಿಲ್’ ಎಂದರೆ ಪಾದ್ರಿಯ ಪ್ರವಚನದಂತೆ ಕೇಳಿಸುತ್ತದೆ, ಇಂಗ್ಲಿಷಿನ ಅತಿ ಕೆಟ್ಟ ಬೈಗುಳವನ್ನೇ ಹಾಕಿದರೆ ಖಾರ ಮೀರುತ್ತದೆ, ಬಹುಪಾಲು ಕಡೆ ‘ಡ್ಯಾಮ್’ ಸಾಕು.