ಲೋಕಸ್ ಹಳೆಯ ಸಂಚಿಕೆಗಳು: ನಾನು ಕೂಡಿಸುವ ಬಗೆ

ಲೋಕಸ್ ಎಂಬ ಅಮೆರಿಕದ ಮಾಸಪತ್ರಿಕೆಯಲ್ಲಿ ಅಚ್ಚಾಗುವುದು ವೈಜ್ಞಾನಿಕ ಕಥಾಸಾಹಿತ್ಯದ ಸುದ್ದಿ. ಯಾರ ಕಾದಂಬರಿಯನ್ನು ಯಾವ ಪ್ರಕಾಶಕರು ಕೊಂಡರು, ಈ ತಿಂಗಳು ಏನೇನು ಹೊರಬಂತು, ಯಾವ ಸಂಪಾದಕರು ಎಲ್ಲಿಗೆ ಹೋದರು, ಯಾರು ತೀರಿಕೊಂಡರು. ಜೊತೆಗೆ ಸಂದರ್ಶನ, ವಿಮರ್ಶೆ. ಹಾಗಾಗಿ ಕಥಾಪತ್ರಿಕೆ ಕೂಡಿಸುವವರ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಬಿಡಿ ಸಂಚಿಕೆಗೆ ಅಂಥ ಬೆಲೆಯೇನೂ ಇಲ್ಲ, ಸಾಲು ತಪ್ಪದೆ ಇದ್ದರೆ ಮಾತ್ರ ಉಪಯೋಗ. ಮುಖಪುಟ ಫಳಫಳ ಹೊಳೆಯುವ ಒಂದು ಪ್ರತಿಗೆ ಕೊಡುವ ದುಡ್ಡಿನಲ್ಲಿ, ಮೂಲೆ ಮಡಿಸಿಕೊಂಡ ಇಡೀ ವರ್ಷದ ಕಟ್ಟು ಸಿಗುತ್ತಿದ್ದರೆ ನಾನು ಕಟ್ಟನ್ನೇ ಕೊಳ್ಳುತ್ತೇನೆ.

ಪತ್ರಿಕೆ ಶುರುವಾದದ್ದು 1968ರಲ್ಲಿ. ಚಾರ್ಲ್ಸ್ ಎನ್. ಬ್ರೌನ್, ಎಡ್ ಮೆಸ್ಕಿಸ್, ಡೇವ್ ವ್ಯಾಂಡರ್‌ವರ್ಫ್ ಮೂವರೂ ಸೇರಿ, 1971ರ ವರ್ಲ್ಡ್‌ಕಾನ್, ಅಂದರೆ ವೈಜ್ಞಾನಿಕ ಕಥಾಸಾಹಿತ್ಯದ ವಿಶ್ವ ಸಮ್ಮೇಳನ, ಬೋಸ್ಟನ್‌ಗೆ ಬರಲಿ ಎಂಬ ಪ್ರಚಾರಕ್ಕೆ ಸೈಕ್ಲೋಸ್ಟೈಲ್ ಮಾಡಿ ಹಂಚಿದ ಹಾಳೆ ಅದು. ಸ್ಥಳ ಗೊತ್ತಾದ ಮೇಲೆ ನಿಲ್ಲಬೇಕಿತ್ತು, ಬ್ರೌನ್ ನಿಲ್ಲಿಸಲಿಲ್ಲ. 1972ರಲ್ಲಿ ಅವರು ನ್ಯೂಯಾರ್ಕ್ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶಕ್ಕೆ ಹೋದಾಗ ಪತ್ರಿಕೆಯೂ ಜೊತೆಗೆ ಹೋಯಿತು.

ಮೊದಲ ಕೆಲಸ ಖರೀದಿಯಲ್ಲ, ಪಟ್ಟಿ. ಒಂದು ಸ್ಪ್ರೆಡ್‌ಶೀಟ್ ತೆರೆದು ಒಟ್ಟು ಸಂಖ್ಯೆ, ಸಂಪುಟ, ತಿಂಗಳು, ವರ್ಷ, ಸ್ಥಿತಿ, ಇಲ್ಲದ ಪುಟ, ಕೊಟ್ಟ ಬೆಲೆ ಎಂದು ಕಾಲಂ ಹಾಕಿ. ಪ್ರತಿ ಸಂಚಿಕೆಗೂ ಎರಡು ಬಗೆಯ ಲೆಕ್ಕವಿದೆ: ಮೊದಲಿನಿಂದ ಎಣಿಸಿಕೊಂಡು ಬಂದ ಒಟ್ಟು ಸಂಖ್ಯೆ ಒಂದು, ಸಂಪುಟ ಮತ್ತು ಅದರೊಳಗಿನ ಸಂಖ್ಯೆ ಇನ್ನೊಂದು. ಸಂಪುಟ ವರ್ಷಕ್ಕೊಮ್ಮೆ ಬದಲಾಗುತ್ತದೆ ಎಂದುಕೊಂಡರೆ ಕೆಟ್ಟಿರಿ. ಇಲ್ಲಿ ಆರು ತಿಂಗಳಿಗೊಂದು ಸಂಪುಟ, ಜನವರಿಯಲ್ಲೊಂದು ಜುಲೈಯಲ್ಲೊಂದು. ಮಾರುವವರಲ್ಲಿ ಅರ್ಧ ಜನಕ್ಕೆ ಇದು ಗೊತ್ತಿರುವುದಿಲ್ಲ. ‘ಸಂಪುಟ 44, ಪೂರ್ತಿ ವರ್ಷ’ ಎಂದು ಬರೆದಿರುತ್ತಾರೆ, ಪೊಟ್ಟಣ ಬಿಚ್ಚಿದರೆ ಆರೇ ಸಂಚಿಕೆ.

1990ರಿಂದ ಈಚೆಗೆ ಲೆಕ್ಕ ಸಲೀಸು. ವರ್ಷದಿಂದ 1990 ಕಳೆದು 12ರಿಂದ ಗುಣಿಸಿ, ತಿಂಗಳ ಸಂಖ್ಯೆ ಕೂಡಿಸಿ, ಮೇಲೆ 347 ಸೇರಿಸಿದರೆ ಒಟ್ಟು ಸಂಖ್ಯೆ ಬರುತ್ತದೆ. 2000ರ ಜನವರಿ 468. 2002ರ ಸೆಪ್ಟೆಂಬರ್ ಸರಿಯಾಗಿ 500. 2011ರ ಜನವರಿ 600. ಸಂಪುಟಕ್ಕೆ, ಕಳೆದು ಬಂದ ವರ್ಷವನ್ನು 2ರಿಂದ ಗುಣಿಸಿ ಮೊದಲ ಆರು ತಿಂಗಳಾದರೆ 24, ಆಮೇಲಿನ ಆರಾದರೆ 25 ಕೂಡಿಸಿ. 2002ರ ಸೆಪ್ಟೆಂಬರ್‌ಗೆ 49 ಬರುತ್ತದೆ, ಅದರಲ್ಲಿ ಮೂರನೆಯ ಸಂಖ್ಯೆ. ಮಾರಾಟಗಾರರು ಹಾಕಿದ ಫೋಟೋದಲ್ಲಿ ತಿಂಗಳು ಮಸುಕಾಗಿ ಸಂಖ್ಯೆ ಮಾತ್ರ ಕಂಡರೂ ಈ ಸೂತ್ರದಿಂದ ಯಾವುದೆಂದು ಹಿಡಿಯಬಹುದು. ಶುರುವಿನ ವರ್ಷಗಳಿಗೆ ಸೂತ್ರ ಹಾಕಲು ಹೋಗಬೇಡಿ. ಆಗ ತಿಂಗಳಿಗೊಂದು ಎಂಬ ಶಿಸ್ತೇ ಇರಲಿಲ್ಲ; 1971 ಮುಗಿಯುವ ಹೊತ್ತಿಗೆ ಸಂಖ್ಯೆ ನೂರು ದಾಟಿತ್ತು. ಆ ಕಾಲದ್ದನ್ನು ಒಂದೊಂದಾಗಿ ದಿನಾಂಕ ನೋಡಿಯೇ ಬರೆದುಕೊಳ್ಳಬೇಕು.

ಆ ಸೈಕ್ಲೋಸ್ಟೈಲ್ ಕಾಲದ ಮೂಲ ಪ್ರತಿಗಳು ಅಪರೂಪ, ಬೆಲೆಯೂ ಹೆಚ್ಚು. ಓದುವುದಷ್ಟೇ ಉದ್ದೇಶವಾದರೆ 1968ರಿಂದ 1977ರವರೆಗಿನವನ್ನು ಗ್ರೆಗ್ ಪ್ರೆಸ್ ಎರಡು ದಪ್ಪ ಸಂಪುಟಗಳಲ್ಲಿ ಮರುಮುದ್ರಿಸಿದೆ. ಹಳೆಯ ಫ್ಯಾನ್‌ಝೀನ್‌ಗಳ (ಅಭಿಮಾನಿಗಳೇ ಹೊರತರುವ ಪತ್ರಿಕೆಗಳ) ಸ್ಕ್ಯಾನ್ ಇಡುವ ಫ್ಯಾನಾಕ್ ಜಾಲತಾಣದ ಸಂಗ್ರಹದಲ್ಲೂ ಹುಡುಕಿ. ನನ್ನ ಸಲಹೆ, 80ರ ದಶಕದ ನಡುವಿನಿಂದ ಶುರುಮಾಡಿ ಮುಂದಕ್ಕೆ ಬನ್ನಿ; ಹಿಂದಕ್ಕೆ ಹೋಗುವ ಆಸೆ ಆಮೇಲೆ ತಾನಾಗಿ ಬರುತ್ತದೆ, ಜೇಬು ನೋಡಿಕೊಂಡು ಹೋದರಾಯಿತು.

ಹುಡುಕುವಾಗ ಬರೀ ‘ಲೋಕಸ್’ ಎಂದು ಹಾಕಿದರೆ ತಳಿಶಾಸ್ತ್ರ, ಗಣಿತ, ಸಾಫ್ಟ್‌ವೇರ್ ಎಲ್ಲ ಬಂದು ರಾಶಿ ಬೀಳುತ್ತದೆ. ಹೆಸರಿನ ಕೆಳಗಿನ ಅಡಿಸಾಲನ್ನು ಸೇರಿಸಿ ಹುಡುಕಿ. ಹಳೆಯದರಲ್ಲಿ ಅದು ‘ದಿ ನ್ಯೂಸ್‌ಪೇಪರ್ ಆಫ್ ದಿ ಸೈನ್ಸ್ ಫಿಕ್ಷನ್ ಫೀಲ್ಡ್’, ಈಚಿನದರಲ್ಲಿ ‘ನ್ಯೂಸ್‌ಪೇಪರ್’ ಹೋಗಿ ‘ಮ್ಯಾಗಜೀನ್’ ಬಂದಿದೆ, ಫ್ಯಾಂಟಸಿಯೂ ಸೇರಿದೆ. ಎರಡನ್ನೂ ಹಾಕಿ ನೋಡಿ. ಇಬೇ, ಏಬ್‌ಬುಕ್ಸ್ ಜಾಲತಾಣಗಳನ್ನು ಬಿಟ್ಟರೆ ಸಮ್ಮೇಳನಗಳ ಮಾರಾಟ ಕೋಣೆಗಳು ಒಳ್ಳೆಯ ಜಾಗ. ಕೊನೆಯ ದಿನ ಮಧ್ಯಾಹ್ನ ಹೋಗಿ. ಭಾರದ ಕಾಗದವನ್ನು ಮತ್ತೆ ವ್ಯಾನಿಗೆ ಹೊರುವ ಮನಸ್ಸು ಯಾರಿಗೂ ಇರುವುದಿಲ್ಲ. ಪತ್ರಿಕೆಯವರೂ ಹಳೆ ಸಂಚಿಕೆ ಮಾರುತ್ತಾರೆ. ಕಟ್ಟು ಕೊಂಡು, ಉಳಿದ ಖಾಲಿ ಜಾಗಗಳನ್ನು ಅಲ್ಲಿಂದ ಬಿಡಿಯಾಗಿ ತುಂಬಿಸಿಕೊಳ್ಳುವುದು ಲೇಸು.

ದುಡ್ಡು ಕಳಿಸುವ ಮುಂಚೆ ಕೇಳಲೇಬೇಕಾದ ಪ್ರಶ್ನೆ ಫೆಬ್ರವರಿ ಸಂಚಿಕೆಯದು. ಹಿಂದಿನ ವರ್ಷದ ಅವಲೋಕನ, ಶಿಫಾರಸು ಪಟ್ಟಿ ಬರುವುದು ಅದರಲ್ಲೇ. ಇಡೀ ವರ್ಷದಲ್ಲಿ ಹೆಚ್ಚು ಬೇಕಾಗುವ ಸಂಚಿಕೆಯೂ ಅದೇ, ಹೆಚ್ಚು ಹರಿದಿರುವುದೂ ಅದೇ. 1971ರಿಂದ ನಡೆಯುತ್ತಿರುವ ಓದುಗರ ಮತದಾನದ ಪತ್ರವನ್ನು ತುಂಬಿ ಅಂಚೆಗೆ ಹಾಕುವವರು ಹಾಳೆ ಕಿತ್ತಿರುತ್ತಾರೆ. ಕಿತ್ತ ಹಾಳೆಯ ಇನ್ನೊಂದು ಮಗ್ಗುಲಲ್ಲಿ ಪಟ್ಟಿಯೋ ವಿಮರ್ಶೆಯೋ ಇದ್ದರೆ ಅದೂ ಹೋಯಿತು. ಪಿನ್ ಹೊಡೆದ ಪತ್ರಿಕೆಯಾದ್ದರಿಂದ ಮುಂದಿನ ಅರ್ಧದಲ್ಲಿ ಒಂದು ಹಾಳೆ ಕಿತ್ತರೆ ಹಿಂದಿನ ಅರ್ಧದ ಜೋಡಿ ಹಾಳೆಯೂ ಸಡಿಲವಾಗಿ ಜಾರುತ್ತದೆ. ‘ಪುಟ ಸಂಖ್ಯೆ ಒಂದರಿಂದ ಕೊನೆಯವರೆಗೆ ಎಣಿಸಿ ಹೇಳಿ, ನಡುವಿನ ಹಾಳೆಯ ಫೋಟೋ ಕಳಿಸಿ’ ಎಂದು ಸ್ಪಷ್ಟವಾಗಿ ಬರೆಯಿರಿ. ‘ಕಂಡೀಷನ್ ಚೆನ್ನಾಗಿದೆ’ ಎಂಬ ಮಾತಿಗೆ ಅರ್ಥವಿಲ್ಲ.

ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್‌ಗಳಲ್ಲಿ ಮುಂದೆ ಬರಲಿರುವ ಪುಸ್ತಕಗಳ ಉದ್ದುದ್ದ ಪಟ್ಟಿ ಇರುತ್ತದೆ. ಓದಲು ಬೇಸರ, ಹಾಗಾಗಿ ಅಗ್ಗ. ಆದರೆ ಪ್ರಕಟಣೆ ಘೋಷಿಸಿ ಆಮೇಲೆ ಬಾರದೇ ಹೋದ ಪುಸ್ತಕಗಳ ಗುರುತು ಸಿಗುವುದು ಇಂಥ ಪಟ್ಟಿಯಲ್ಲಿಯೇ. ಬಿಡಬೇಡಿ.

ಚಂದಾದಾರರ ಪ್ರತಿಗಳಲ್ಲಿ ವಿಳಾಸದ ಚೀಟಿ ಅಂಟಿರುತ್ತದೆ. ಕೀಳಲು ಹೋಗಬೇಡಿ, ಹೊಳಪು ಕಾಗದದ ಬಣ್ಣದ ಪದರ ಚೀಟಿಯ ಜೊತೆ ಎದ್ದು ಬಿಳಿ ಗಾಯ ಉಳಿಯುತ್ತದೆ. ಫೋಟೋ ಹಂಚುವಾಗ ಮಾತ್ರ ಹೆಸರು, ವಿಳಾಸ ಮುಚ್ಚಿ.

ಭಾರತಕ್ಕೆ ತರಿಸುವುದೇ ದೊಡ್ಡ ಖರ್ಚು. 80 ಪುಟದ ಒಂದು ಸಂಚಿಕೆ ಸುಮಾರು 200 ಗ್ರಾಂ ತೂಗುತ್ತದೆ, ವರ್ಷದ್ದು ಎರಡೂವರೆ ಕಿಲೋ ಹತ್ತಿರ. ಬಿಡಿಬಿಡಿಯಾಗಿ ತರಿಸಿದರೆ ಅಂಚೆ ವೆಚ್ಚ ಪತ್ರಿಕೆಯ ಬೆಲೆಯನ್ನು ನುಂಗುತ್ತದೆ. ಅಮೆರಿಕದ ಅಂಚೆಯಲ್ಲಿ ಮುದ್ರಿತ ಸಾಮಗ್ರಿಗೆಂದೇ ಎಂ-ಬ್ಯಾಗ್ ಎಂಬ ಚೀಲವಿದೆ: ಒಬ್ಬರೇ ವಿಳಾಸದಾರರಿಗೆ, 66 ಪೌಂಡ್ ಅಂದರೆ 30 ಕಿಲೋವರೆಗೆ. ಕಡಿಮೆ ತುಂಬಿದರೂ 11 ಪೌಂಡ್ ತೂಕದ ಶುಲ್ಕ ಕೊಡಲೇಬೇಕು. ಹತ್ತು ವರ್ಷದ ಸಾಲು ಒಂದೇ ಚೀಲದಲ್ಲಿ ಹಿಡಿಯುತ್ತದೆ. ಆದರೆ ವಿಮೆಯಿಲ್ಲ. ಚೀಲವನ್ನು ಎಸೆದಾಡುತ್ತಾರೆ, ಆದ್ದರಿಂದ ಒಳಗೆ ಎರಡೆರಡು ವರ್ಷದ್ದನ್ನು ಬೇರೆ ಬೇರೆ ರಟ್ಟಿನ ಡಬ್ಬಿಗೆ ಹಾಕಿ, ಅಲುಗಾಡದಂತೆ ಕಾಗದ ತುರುಕಿ, ಪ್ರತಿ ಡಬ್ಬಿಯ ಮೇಲೂ ಪೂರ್ತಿ ವಿಳಾಸ ಬರೆಸಿ. ಕಸ್ಟಮ್ಸ್ ಚೀಟಿಯಲ್ಲಿ ‘ಹಳೆಯ ನಿಯತಕಾಲಿಕಗಳು, 4902’ ಎಂದು, ಸುಂಕದ ಪಟ್ಟಿಯಲ್ಲಿ ನಿಯತಕಾಲಿಕಗಳಿಗಿರುವ ಶೀರ್ಷಿಕೆ ಸಂಖ್ಯೆ ಸಮೇತ ಇರಲಿ. ‘ಕಲೆಕ್ಟಿಬಲ್ಸ್’ ಎಂದು ಬರೆಸಿದರೆ ತೊಂದರೆಯನ್ನು ಕರೆದಂತೆ.

ಬಂದ ಮೇಲೆ ಇಡುವ ವಿಚಾರ. ಲೋಕಸ್ ಅಮೆರಿಕದ ಲೆಟರ್ ಅಳತೆ, 21.6 ಸೆಂ.ಮೀ. ಅಗಲ, 27.9 ಎತ್ತರ. ನಮ್ಮ ಎ4 ಹಾಳೆ 21 ಸೆಂ.ಮೀ. ಅಗಲ. ಆ ಆರು ಮಿಲಿಮೀಟರ್‌ನಲ್ಲೇ ಎಡವುವುದು: ಬಿಗಿಯಾದ ಎ4 ಕವರಿಗೆ ತೂರಿಸಿದರೆ ಬಾಯಂಚು ಬಾಗಿ, ತಿಂಗಳೊಪ್ಪತ್ತಿನಲ್ಲಿ ಖಾಯಂ ಮಡಿಕೆ. ಸ್ಟೇಷನರಿ ಅಂಗಡಿಯಲ್ಲಿ ಎಫ್‌ಎಸ್ (ಫೂಲ್‌ಸ್ಕ್ಯಾಪ್) ಸೈಜ್ ಎಂದು ಕೇಳಿ. ಅಗಲ ಸರಿಹೋಗುತ್ತದೆ, ಮೇಲೆ ಉಳಿಯುವ ಭಾಗವನ್ನು ಹಿಂದಕ್ಕೆ ಮಡಚಿಕೊಳ್ಳಬಹುದು. ಬಾಕ್ಸ್ ಫೈಲೂ ಅದೇ ಅಳತೆಯದು ತೆಗೆದುಕೊಳ್ಳಿ.

ಕವರ್ ಪಾಲಿಪ್ರೊಪಿಲೀನ್ ಆಗಿರಬೇಕು, ಪಿವಿಸಿ ಬೇಡವೇ ಬೇಡ. ಪಿವಿಸಿಯನ್ನು ಮೆತ್ತಗಿಡಲು ಬೆರೆಸಿದ ರಾಸಾಯನಿಕ ಕಾಲಕ್ರಮದಲ್ಲಿ ಹೊರಬಂದು ಮುಖಪುಟದ ಶಾಯಿಯನ್ನೇ ಕವರಿಗೆ ಅಂಟಿಸುತ್ತದೆ. ಸಂಶಯ ಬಂದರೆ ಹೀಗೆ ನೋಡಿ: ತಾಮ್ರದ ತಂತಿಯ ತುದಿ ಕೆಂಪಗೆ ಕಾಯಿಸಿ, ಕವರಿನ ಚೂರಿಗೆ ಒತ್ತಿ, ಮತ್ತೆ ಉರಿಗೆ ಹಿಡಿಯಿರಿ. ಹಸಿರು ಜ್ವಾಲೆ ಎದ್ದರೆ ಪಿವಿಸಿ. ಬಯಲಲ್ಲಿ ಮಾಡಿ, ಆ ಹೊಗೆ ಒಳ್ಳೆಯದಲ್ಲ.

ಕರಾವಳಿಯವರಿಗೆ ಮೊದಲ ಶತ್ರು ತುಕ್ಕು. ಪಿನ್ನಿನ ಸುತ್ತ ಕಂದು ಕಲೆ ಕಂಡರೆ ಹಲ್ಲುಗಳ ಪಿನ್ ರಿಮೂವರ್ ಮುಟ್ಟಬೇಡಿ, ಬೆನ್ನು ಹರಿಯುತ್ತದೆ. ನಡುವಿನ ಹಾಳೆ ತೆರೆದು, ಮೊಂಡ ಚಾಕುವಿನ ತುದಿಯಿಂದ ಪಿನ್ನಿನ ಎರಡೂ ಕಾಲು ನೆಟ್ಟಗೆ ಎತ್ತಿ, ಹೊರಗಿನಿಂದ ಮೆಲ್ಲಗೆ ಎಳೆದು ತೆಗೆಯಿರಿ. ಅದೇ ತೂತುಗಳಲ್ಲಿ ಬಿಳಿ ಹತ್ತಿ ದಾರ ಪೋಣಿಸಿ ಒಳಗೆ ಗಂಟು ಹಾಕಿದರೆ ಸಾಕು.

ಹುಳು ಬಿದ್ದಿದೆ ಎಂಬ ಅನುಮಾನದ ಕಟ್ಟನ್ನು ನೇರ ಕಪಾಟಿಗೆ ಸೇರಿಸಬಾರದು. ಗಾಳಿಯಾಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಹಾಗೇ ಬಿಡಿ, ಇಲ್ಲದಿದ್ದರೆ ತಣ್ಣಗಿನ ಕಾಗದದ ಮೇಲೆ ನೀರು ಕಟ್ಟುತ್ತದೆ. ನುಸಿಗುಳಿಗೆ ಬೇಡ, ವಾಸನೆ ಕಾಗದ ಬಿಟ್ಟು ಹೋಗುವುದಿಲ್ಲ. ಮಳೆಗಾಲದಲ್ಲಿ ಕಪಾಟಿನೊಳಗೆ ತೇವಾಂಶ ಮಾಪಕವಿರಲಿ, ಶೇ. 65 ದಾಟಿದರೆ ಬೂಷ್ಟಿಗೆ ಹಬ್ಬ. ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದೊಡನೆ ಓವನ್‌ನಲ್ಲಿ ಒಣಗಿಸಿ ಮತ್ತೆ ಇಡಬಹುದು, ಆದರೆ ಅಡುಗೆಯ ಪಾತ್ರೆಯಲ್ಲಿ ಬೇಡ.

ಸಾಲಿನಲ್ಲಿ ಎಷ್ಟು ಹುಡುಕಿದರೂ ಸಿಗದ ತಿಂಗಳಿದ್ದರೆ ಆ ಅವಧಿಯ ಸುದ್ದಿಗೆ ಆಂಡ್ರ್ಯೂ ಪೋರ್ಟರ್ 1979ರಲ್ಲಿ ನ್ಯೂಯಾರ್ಕಿನಿಂದ ಶುರುಮಾಡಿದ ಸೈನ್ಸ್ ಫಿಕ್ಷನ್ ಕ್ರಾನಿಕಲ್ ನೋಡಿ. 80, 90ರ ದಶಕದಲ್ಲಿ ಇದು ಲೋಕಸ್‌ಗೆ ನೇರ ಪೈಪೋಟಿ. ಒಂದೇ ಸುದ್ದಿಯನ್ನು ಎರಡೂ ಕಡೆ ಓದಿದರೆ ಒಂದರಲ್ಲಿ ಬಿಟ್ಟದ್ದು ಇನ್ನೊಂದರಲ್ಲಿ ಸಿಗುವುದುಂಟು. ಸದ್ಯಕ್ಕೆ ಇದನ್ನು ಕೂಡಿಸುವವರು ಕಡಿಮೆ, ಕಟ್ಟುಗಟ್ಟಲೆ ಅಗ್ಗವಾಗಿಯೇ ಸಿಗುತ್ತದೆ.