ಕಡವೆಯ ಬಾಲವಷ್ಟೇ ಸಿಗುತ್ತಿದ್ದರೆ: ಸತ್ತರಿಯ ಕುಳಾಗರಗಳಲ್ಲಿ ಟ್ರೇಲ್ ಕ್ಯಾಮೆರಾ ಕಟ್ಟುವ ನನ್ನ ಕ್ರಮ

ಮರಕ್ಕೆ ಕಟ್ಟಿಟ್ಟರೆ ಪ್ರಾಣಿ ಹಾದಾಗ ತಾನೇ ಫೋಟೊ ತೆಗೆಯುವ ಟ್ರೇಲ್ ಕ್ಯಾಮೆರಾ ಹೊಸದಾಗಿ ಕೊಂಡು ಅದರ ಕಾರ್ಡ್ ತೆರೆದರೆ ಸಾಮಾನ್ಯವಾಗಿ ಎರಡೇ ಬಗೆಯ ಫೋಟೊ ಇರುತ್ತವೆ: ಚೌಕಟ್ಟು ದಾಟಿ ಹೋದ ಪ್ರಾಣಿಯ ಬಾಲ, ಮತ್ತು ಗಾಳಿಗೆ ಅಲ್ಲಾಡಿದ ಎಲೆ. ಮೆಗಾಪಿಕ್ಸೆಲ್ ಹೆಚ್ಚಿರುವ ಕ್ಯಾಮೆರಾ ಕೊಂಡರೆ ಇದು ಸರಿಹೋಗುವುದಿಲ್ಲ. ಡಬ್ಬಿಯ ಮೇಲಿನ ದೊಡ್ಡ ಅಂಕಿ ಹೆಚ್ಚಾಗಿ ಸಣ್ಣ ಚಿತ್ರವನ್ನು ಸಾಫ್ಟ್‌ವೇರ್ ಹಿಗ್ಗಿಸಿದ್ದು. ದುಡ್ಡು ಕೊಡುವಾಗ ನಾನು ನೋಡುವುದು ಪ್ರಾಣಿ ಕಂಡ ಮೇಲೆ ಶಟರ್ ಎಷ್ಟು ಬೇಗ ಬೀಳುತ್ತದೆ ಎಂಬುದನ್ನು. ಅರ್ಧ ಸೆಕೆಂಡಿಗಿಂತ ತಡವಾದರೆ ಬೇಡ.

ನಾನು ಕಟ್ಟುವುದು ಗೋವಾದ ಸತ್ತರಿ ತಾಲೂಕಿನಲ್ಲಿ, ಮ್ಹಾದೆಯಿ ಅಭಯಾರಣ್ಯದ ಅಂಚಿನ ಕುಳಾಗರಗಳಲ್ಲಿ (ಅಡಿಕೆ ತೋಟಗಳಲ್ಲಿ), ತೋಟದವರ ಒಪ್ಪಿಗೆ ಪಡೆದು. ಗಡಿಯಾಚೆ ಒಂದು ಮರಕ್ಕೆ ಕಟ್ಟಬೇಕೆಂದರೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಫೋಟೊಗೆಂದು ಒಳಹೋಗುವುದಕ್ಕೂ ಪರವಾನಗಿ ಇದೆ.

ಜಾಗ ಹುಡುಕುವಾಗ ಚಿರೆಕಲ್ಲಿನ ಪಾಗಾರ (ತೋಟದ ಸುತ್ತಿನ ಗೋಡೆ) ಕುಸಿದಿರುವ ಕಡೆ, ಝರಿ ದಾಟುವ ಇಳಿಜಾರು, ಹಿಕ್ಕೆಯ ರಾಶಿ, ಗೊರಸಿನ ಗುರುತು ನೋಡಿ. ಪಾಗಾರದ ಕಿಂಡಿ ಎಲ್ಲಕ್ಕಿಂತ ಮೇಲು, ಏಕೆಂದರೆ ಪ್ರಾಣಿ ಅಲ್ಲಿ ನಡಿಗೆ ನಿಧಾನ ಮಾಡುತ್ತದೆ. ಅಡಿಕೆ ಮರಕ್ಕೆ ಮಾತ್ರ ಕಟ್ಟಬೇಡಿ. ಸಣ್ಣ ಗಾಳಿಗೂ ಅದು ಓಲಾಡುತ್ತದೆ, ಬೆಳಗಾಗುವುದರೊಳಗೆ ಕಾರ್ಡ್ ತುಂಬಿರುತ್ತದೆ. ಹಲಸು, ಮತ್ತಿಯಂಥ ದಪ್ಪ ಕಾಂಡವೇ ಆಗಬೇಕು.

ಸೆನ್ಸರ್ ಪ್ರಾಣಿಯ ಆಕಾರವನ್ನು ಗುರುತಿಸುವುದಿಲ್ಲ. ಹಿನ್ನೆಲೆಗಿಂತ ಬೇರೆ ಬಿಸಿಯಿರುವ ಏನೋ ಒಂದು ಅಡ್ಡಲಾಗಿ ಸರಿದರೆ ಅದಕ್ಕೆ ಎಚ್ಚರ. ನೇರ ಎದುರಿಗೆ ನಡೆದುಬಂದದ್ದನ್ನು ತಡವಾಗಿ ಹಿಡಿಯುತ್ತದೆ. ಹಾಗೆಂದು ದಾರಿಗೆ ಲಂಬವಾಗಿ ಇಟ್ಟರೆ ಪ್ರಾಣಿ ಎರಡೇ ಹೆಜ್ಜೆಯಲ್ಲಿ ದಾಟಿಬಿಡುತ್ತದೆ, ಆ ಬಾಲದ ಫೋಟೊ ಬರುವುದು ಹೀಗೆ. ದಾರಿಗೆ 45 ಡಿಗ್ರಿ ಓರೆಯಾಗಿ, 3ರಿಂದ 5 ಮೀಟರ್ ದೂರದಲ್ಲಿ ಇಟ್ಟರೆ ಎರಡೂ ತೊಂದರೆ ತಪ್ಪುತ್ತವೆ. ಇನ್ನೂ ಹತ್ತಿರ ಕಟ್ಟಿದರೆ ರಾತ್ರಿ ಫ್ಲ್ಯಾಶಿಗೆ ಮೈಯೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಕ್ಯಾಮೆರಾದ ಮುಖ ಉತ್ತರಕ್ಕಿರಲಿ, ಪೂರ್ವ, ಪಶ್ಚಿಮಕ್ಕಿದ್ದರೆ ಸೂರ್ಯ ಲೆನ್ಸಿಗೇ ಬೀಳುತ್ತಾನೆ. ಏಪ್ರಿಲ್, ಮೇ ಮಧ್ಯಾಹ್ನ ನೆಲ, ಬಂಡೆಗಳ ಬಿಸಿ ಪ್ರಾಣಿಯ ಮೈಬಿಸಿಯ ಹತ್ತಿರ ಬರುವುದರಿಂದ ಎಂಥ ಕ್ಯಾಮೆರಾದಿಂದಲೂ ಪ್ರಾಣಿ ತಪ್ಪಿಸಿಕೊಳ್ಳುತ್ತದೆ. ಸೆನ್ಸಿಟಿವಿಟಿಯನ್ನು ಆಗ 'ಹೈ'ಗೆ ಏರಿಸಿ, ಚಳಿಗಾಲದಲ್ಲಿ ಇಳಿಸಿ.

ಎತ್ತರ ಪ್ರಾಣಿಗೆ ತಕ್ಕಂತೆ. ಬರ್ಕಕ್ಕೆ (ಪುಟ್ಟ ಇಲಿ-ಜಿಂಕೆ) ಒಂದಡಿ, ಕಾಡುಕುರಿಗೆ (ಇಲ್ಲಿಯವರ ಭೇಕರ್) ಎರಡಡಿ, ಕಡವೆ ಮತ್ತು ಕಾಟಿಗೆ (ಕಾಡುಕೋಣ) ಮೂರಡಿ. ಯಾವುದು ಬರುತ್ತದೆ ಎಂದು ಗೊತ್ತಿಲ್ಲದಿದ್ದರೆ ಎರಡಡಿ. ಇಳಿಜಾರಿದ್ದರೆ ಹಿಂದೆ ಒಂದು ಕಡ್ಡಿ ಸಿಕ್ಕಿಸಿ, ಲೆನ್ಸ್ ನೆಲಕ್ಕೆ ಸಮಾಂತರವಾಗಿರಲಿ. ಆಮೇಲೆ ಟೆಸ್ಟ್ ಮೋಡಿನಲ್ಲಿಟ್ಟು ನೀವೇ ಅಂಬೆಗಾಲಿಟ್ಟು ದಾರಿ ದಾಟಿ. ನಿಂತು ನಡೆದು ಪರೀಕ್ಷಿಸಿದರೆ ಕಾಡುಕುರಿಯ ಲೆಕ್ಕ ಸಿಗುವುದಿಲ್ಲ. ಎದುರಿನ ಹುಲ್ಲು, ಜರಿಗಿಡ ಕತ್ತರಿಸಿ. ಬಿಸಿಲಿಗೆ ಕಾದ ಎಲೆ ಅಲ್ಲಾಡಿದರೂ ಶಟರ್ ಬೀಳುತ್ತದೆ.

ನನ್ನ ಸೆಟ್ಟಿಂಗ್: ಒಂದು ಸಲಕ್ಕೆ ಮೂರು ಫೋಟೊ, ಮುಂದಿನ ಸಲಕ್ಕೆ ಮುನ್ನ 30 ಸೆಕೆಂಡ್ ಬಿಡುವು. ವಿಡಿಯೊ ಬೇಕೆಂದರೆ 15 ಸೆಕೆಂಡ್ ಸಾಕು, ಆದರೆ ಬ್ಯಾಟರಿಯನ್ನು ಅದು ತಿಂದುಹಾಕುತ್ತದೆ. ಇನ್‌ಫ್ರಾರೆಡ್ ಫ್ಲ್ಯಾಶ್ 940 ನ್ಯಾನೊಮೀಟರ್ ತರಂಗಾಂತರದ್ದಾದರೆ ಪ್ರಾಣಿ ಬೆದರುವುದು ಕಡಿಮೆ, ಕಳ್ಳರ ಕಣ್ಣಿಗೂ ಬೀಳದು. 850ರದ್ದು ಮಂದ ಕೆಂಪಾಗಿ ಹೊಳೆಯುತ್ತದೆ, ಬದಲಿಗೆ ಬೆಳಕು ಹೆಚ್ಚು ದೂರ ಹೋಗುತ್ತದೆ.

ಹಗಲಿನ ಫೋಟೊ ಚೆನ್ನಾಗಿದ್ದು ರಾತ್ರಿಯವು ಮಾತ್ರ ಕಪ್ಪಾಗಿದ್ದರೆ ಸೆಲ್ ಸೋತಿದೆ ಎಂದರ್ಥ. ಆಲ್ಕಲೈನ್ ಸೆಲ್ಲಿನ ವೋಲ್ಟೇಜ್ ಬಳಸಿದಂತೆಲ್ಲ ಇಳಿಯುತ್ತದೆ, ಮೊದಲು ಸೋಲುವುದು ಫ್ಲ್ಯಾಶ್. 1.5 ವೋಲ್ಟಿನ ಲಿಥಿಯಂ ಸೆಲ್ ದುಬಾರಿಯಾದರೂ ಕೊನೆತನಕ ಸಮನಾಗಿ ಕೊಡುತ್ತದೆ. ಎಂಟರಲ್ಲಿ ಎರಡು ಮಾತ್ರ ಹೊಸದು ಹಾಕುವ ಜಿಪುಣತನ ಬೇಡ. ಹಳೆಯವು ಸೋರಿ ಸ್ಪ್ರಿಂಗಿಗೆ ತುಕ್ಕು ಹಿಡಿಸುತ್ತವೆ.

ಗೋವಾದಲ್ಲಿ ಕ್ಯಾಮೆರಾ ಸಾಯುವುದು ಮಳೆಯಿಂದ, ಅದಕ್ಕಿಂತಲೂ ಹೆಚ್ಚಾಗಿ ಇರುವೆಯಿಂದ. ರಬ್ಬರ್ ಅಂಚಿನಲ್ಲಿ ಒಂದು ಮರಳು ಕಾಳು ಸಿಕ್ಕಿದರೂ ತೇವ ಒಳಸೇರುತ್ತದೆ. ಪ್ರತಿ ಸಲ ಅಂಚು ಒರೆಸಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹೊಸದಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ವಾರಕ್ಕೊಮ್ಮೆಯಾದರೂ ಹೋಗಲೇಬೇಕು. ಚಿಗಳಿ ಇರುವೆ ಓಡಾಡುವ ಮರವಾದರೆ ಮರವನ್ನೇ ಬದಲಿಸಿ.

ಉಪ್ಪು, ಹಣ್ಣು ಹಾಕಿ ಕರೆಯಬೇಡಿ. ತೋಟಕ್ಕೆ ಕಾಟಿ, ಹಂದಿಯನ್ನು ಕರೆದಂತಾದರೆ ಮಾಲೀಕರು ಮುಂದಿನ ಸಲ ಗೇಟು ತೆಗೆಯುವುದಿಲ್ಲ. ಕೆಲಸಕ್ಕೆ ಬರುವವರಿಗೆ ಮೊದಲೇ ತಿಳಿಸಿ. ಅವರಲ್ಲಿ ಬೆಳಗಾವಿ, ಹಾವೇರಿ ಕಡೆಯವರೂ ಇರುತ್ತಾರೆ, "ಅಕ್ಕಾರ, ಆ ಹಲಸಿನ ಗಿಡದ ಕಡೆ ಕ್ಯಾಮೆರಾ ಐತ್ರಿ" ಎಂದರೆ ಸಾಕು. ಬಯಲಿಗೆ ಹೋಗುವ ದಾರಿ, ಬಟ್ಟೆ ಒಗೆಯುವ ಹಳ್ಳದ ಕಡೆ ಕಟ್ಟಲೇಬಾರದು. ಆದರೂ ಮನುಷ್ಯರ ಫೋಟೊ ಬಿದ್ದಿದ್ದರೆ ಅಲ್ಲೇ ಅಳಿಸಿ.

ಕಾರ್ಡ್ 32 ಜಿಬಿ ಸಾಕು. ಫೋಟೊ ಲ್ಯಾಪ್‌ಟಾಪಿಗೆ ಇಳಿಸಿದ ಮೇಲೆ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಸೆಲ್ ಬದಲಿಸಿದಾಗ ಗಡಿಯಾರವನ್ನೂ ನೋಡಿ: ಕೆಲವು ಕ್ಯಾಮೆರಾಗಳಲ್ಲಿ ತಾರೀಖು ಮೊದಲಿನ ಅಂಕಿಗೇ ಹೋಗಿಬಿಡುತ್ತದೆ, ಆಗ ಕಡವೆ ಬಂದದ್ದು ನಸುಕಿಗೋ ಮುಸ್ಸಂಜೆಗೋ ಹೇಳಲಾಗುವುದಿಲ್ಲ.